ಜನವರಿ ಒಂದು

ಬಟನ್ ಒತ್ತಿದರೆ ಫ್ಯಾನು ತಿರುಗುತ್ತದೆ,
ಹಸಿರು ದೀಪ ಉಂಟು,
ಪರದೆ ಮಾತ್ರ ಕಪ್ಪು.
ಒಂದು ಉದ್ದ ಕೂಗು. ನಿಲ್ಲುತ್ತದೆ.
ಮತ್ತೊಂದು ಉದ್ದ ಕೂಗು.

ಬದಿಯಡ್ಕ ಪೇಟೆ, ಹಾರ್ಡ್‌ವೇರ್ ಅಂಗಡಿಯ ಮಾಳಿಗೆ,
ನನ್ನ ಡಿಟಿಪಿ ಕೋಣೆ. ಬೆಳಿಗ್ಗೆ ಒಂಬತ್ತೂವರೆ.
ಬೆಂಚಿನಲ್ಲಿ ಐತ್ತಪ್ಪಣ್ಣ, ಪಕ್ಕದಲ್ಲಿ ಘಟ್ಟದ ಮೇಲಿನ ಅವರ ಭಾವ.
ಇನ್ನೂರೈವತ್ತು ಕಾರ್ಡು,
ಒಂದು ಮಗ್ಗುಲು ಕನ್ನಡ, ಇನ್ನೊಂದು ಮಲಯಾಳ,
ನಿನ್ನೆ ಸಂಜೆಯೇ ಟೈಪು ಮಾಡಿ ಆಗಿತ್ತು.
ಬೊಜ್ಜ ಭಾನುವಾರ. ಇವತ್ತು ಬುಧವಾರ.

"ಕರೆಂಟು ಬರ್ತಾ ಉಂಟಲ್ಲ ಅದಕ್ಕೆ?"
ಉಂಟು. ವಯರು ಬದಲಿಸಿ ನೋಡಿದೆ, ಪ್ಲಗ್ಗು ಬದಲಿಸಿ ನೋಡಿದೆ,
ಮಾನಿಟರಿನ ಬಾಲ ಕಿತ್ತು, ತುದಿಗೆ ಊದಿ,
ಮತ್ತೆ ಸಿಕ್ಕಿಸಿ ತಿರುಪು ಬಿಗಿ ಮಾಡಿದೆ.
ಬೆನ್ನಿಗೊಂದು ಗುದ್ದೂ ಕೊಟ್ಟೆ; ಅದು ಯಾವ ಪುಸ್ತಕದಲ್ಲೂ ಇಲ್ಲ.
ಮತ್ತದೇ ಕೂಗು.

ಚೆರ್ಕಳದ ಸಿಯಾದಿಗೆ ಫೋನು ಮಾಡಿದೆ.
ಅವನು ಬೈಕಿನಲ್ಲಿ, ಹೆಲ್ಮೆಟ್ಟಿನೊಳಗೆ ಫೋನು ತುರುಕಿಕೊಂಡು:
"ಶಬ್ದ ಒಮ್ಮೆ ಕೇಳಿಸಿ." ಕೇಳಿಸಿದೆ.
"ರ‍್ಯಾಮು. ಊರಿಯೋ?"
ಊರಿಯೋ ಅಂದರೆ ಅವನ ಭಾಷೆಯಲ್ಲಿ ಕಳಚಿದಿರಾ ಅಂತ.
ಸ್ಪೀಕರಿನಲ್ಲಿ ಕೇಳಿಸಿಕೊಂಡ ಭಾವ
"ಉರೀತಿದೆಯಂತೆ!" ಎಂದು ಹಾರಿ ಎದ್ದು
ಮೈನ್ ಸ್ವಿಚ್ಚನ್ನೇ ಇಳಿಸಿಬಿಟ್ಟರು.
ಕೆಳಗಿನ ಅಂಗಡಿಯವರು ಬೊಬ್ಬೆ ಹಾಕಿದರು.
ಒಂಬತ್ತು ದಿನದಲ್ಲಿ ಐತ್ತಪ್ಪಣ್ಣ ನಕ್ಕದ್ದು ಆಗಲೇ ಇರಬೇಕು.

ಹೇಗೂ ಕರೆಂಟು ಹೋಗಿತ್ತು. ಮಗ್ಗುಲ ತಗಡು ಬಿಚ್ಚಿದೆ.

ಹಾಸಿದ ಹಾಗೆ ಧೂಳು, ಇರುವೆಯ ಮೊಟ್ಟೆ,
ಒಣಗಿದ ಹಲ್ಲಿಬಾಲ (ಹಲ್ಲಿ ಇರಲಿಲ್ಲ),
ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು ನನ್ನದೇ ಒಂದು ಉದ್ದ ಕೂದಲು.
ಉಸಿರು ಹಿಡಿದು ಪೈಂಟಿನ ಬ್ರಶ್ಶಿನಲ್ಲಿ ಗುಡಿಸಿದೆ.
ಎರಡು ಕಿವಿ ಅಗಲಿಸಿ ರ‍್ಯಾಮಿನ ಪಟ್ಟಿ ಎತ್ತಿದೆ,
ಅದರ ಚಿನ್ನದ ಹಲ್ಲುಗಳನ್ನು ಉಜ್ಜಿದೆ,
ಮಗಳು ಲೆಕ್ಕದ ತಪ್ಪು ಉಜ್ಜುವ ರಬ್ಬರಿನಲ್ಲಿ.
"ಅಮ್ಮ ಬೀಡಿಯ ಕತ್ತರಿ ಹೀಗೇ ಉಜ್ಜುವುದು," ಅಂದರು ಐತ್ತಪ್ಪಣ್ಣ,
"ಉಗುರಿನಷ್ಟೂ ಬಿಡಲಿಕ್ಕಿಲ್ಲ."
ಹಿಂದೆ ಕೂರಿಸಿದೆ. ಟಕ್.
ಆಚೆ ಕಡೆಯೂ ಟಕ್.

ಬೋರ್ಡಿನ ಬಿಲ್ಲೆ ಸೆಲ್ಲು ಮುಟ್ಟಿದರೆ ಕಿಲುಬು.
ಭಾವ ಹೋಗಿ ವಾಚಿನ ಅಂಗಡಿಯಿಂದ ಹೊಸತು ತಂದರು.
"ಎರಡು ಸಾವಿರದ ಮೂವತ್ತೆರಡು ಅಂತ ಬರೆದಿದೆ.
ಅಲ್ಲಿವರೆಗೂ ಬರುತ್ತಾ?"
ಇಲ್ಲ, ಅದು ಇಸವಿಯಲ್ಲ, ಅಳತೆ.

ಸ್ವಿಚ್ಚು. ಬಟನು.
ಒಂದೇ ಒಂದು ಗಿಡ್ಡ ಕೂಗು, ಕೋಳಿಮರಿಯದ್ದು.
ಪರದೆಯಲ್ಲಿ ಬಿಳಿ ಅಕ್ಷರ ಬಂತು, ನಿಂತಿತು.
"ಎಂತ ಹೇಳ್ತದೆ ಅದು?"
ಅದಕ್ಕೆ ಇವತ್ತು ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಸೆಲ್ಲು ಸತ್ತರೆ ಅಲ್ಲಿಗೇ ಹೋಗಿ ಕೂರುವುದು.
ಸರಿ ಮಾಡಬೇಕಾದರೆ ಎಫ್ ಒಂದು ಒತ್ತಬೇಕು.

ಐತ್ತಪ್ಪಣ್ಣ ಎದ್ದು ಬಂದು
ಕನ್ನಡಕವಿಲ್ಲದೆಯೇ ಪರದೆಗೆ ಬಗ್ಗಿದರು.
"ಆಗ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದರು.
ನೀರ್ಚಾಲಿನ ಬ್ರಾಂಚಿಗೆ ನಡೆದೇ.
ತಲೆಯಲ್ಲಿ ಕುಡುಪು, ಕೈಯಲ್ಲಿ ಚಪ್ಪಲಿ,
ಸವೆಯುತ್ತದಂತೆ."
ಕೀಲಿಯ ಮೇಲೆ ನನ್ನ ಬೆರಳು, ಹಾಗೇ.
ಕೆಳಗೆ ಯಾರೋ ಸರಳು ಕತ್ತರಿಸುತ್ತಿದ್ದರು.
ಮುಳ್ಳೇರಿಯದ ಬಸ್ಸು ಹೋಯಿತು.
"ಒತ್ತಿ," ಅಂದರು ಅವರೇ.

ಇಸವಿ ಏರಿಸಿದೆ, ಒಂದೊಂದಾಗಿ, ಹದಿನಾರು ಸಲ.
ಹನ್ನೊಂದನೆಯದಕ್ಕೆ ಐತ್ತಪ್ಪಣ್ಣ,
"ಗಡಿಗೆ ಮಣ್ಣು ಸುರಿದ ವರ್ಷ."
ಮತ್ತೆ ಯಾರೂ ಮಾತಾಡಲಿಲ್ಲ.

ಫೈಲು ಇತ್ತು. ಎಲ್ಲ ಇತ್ತು.
ದಿ. ಪೂವಕ್ಕ, ಎರಡೂ ಲಿಪಿಯಲ್ಲಿ.
ಮೊಮ್ಮಗಳ ಹೆಸರಿನ ದೀರ್ಘವೊಂದು ಬಿಟ್ಟುಹೋಗಿತ್ತು, ಹಾಕಿದೆ.
ಪ್ರಿಂಟರು ಮೊದಲ ಹಾಳೆ ಎಳೆದುಕೊಳ್ಳುವಾಗ
ಬಾಗಿಲಿನ ತನಕ ಹೋದವರು ತಿರುಗಿ ಬಂದರು:
"ಇನ್ನೊಂದು ಹತ್ತು ಜಾಸ್ತಿ ಹಾಕಿ ಆಯ್ತಾ.
ಬ್ರಾಂಚಿನವರನ್ನು ಮರೆತೇಬಿಟ್ಟಿದ್ದೆ."