ಅರ್ಧ ಮನೆ

ಶಿಡ್ಲಘಟ್ಟದಲ್ಲಿ, ಫಿಲೇಚರಿನ ಮೇಲಿನ ಕೋಣೆ.
ಕೆಳಗೆ ಗೂಡು ಬೇಯುವ ವಾಸನೆ, ನಮ್ಮ ಮೂಗಿಗೆ ಗೊತ್ತೇ ಆಗದು.
ಚೌಕುಳಿ ಪುಸ್ತಕದ ನಾಲ್ಕು ಹಾಳೆ ಅಂಟಿಸಿ
ಕೋಟೆಯೊಂದನ್ನು ಬರೆದಿದ್ದೇನೆ ಪೆನ್ಸಿಲಿನಲ್ಲಿ.
ಹುಣಸೆಬೀಜ ರಾಕ್ಷಸರು. ಅಂಗಿಗುಂಡಿ ಇವರು ಮೂವರು.
ಕತೆ ನನ್ನದು, ತೀರ್ಪೂ ನನ್ನದೇ;
ಎಲ್ಲರೂ ಒಪ್ಪಿದ್ದಾರೆ, ತೀರ್ಪು ಬರುವ ತನಕ.

ತಬಸ್ಸುಮ್ ಮಂತ್ರ ಹೇಳಿದಳು. ಬೆಂಕಿಯುಂಡೆ.
ಸಿಡಿದಲ್ಲಿಂದ ಎತ್ತಲೂ ನಾಲ್ಕು ಮನೆ, ಅನ್ನುತ್ತದೆ ಪುಸ್ತಕ.
ಚೌಕದ ಮೇಲೆ ದುಂಡನ್ನು ಎಣಿಸುವುದು ಹೇಗೆಂಬ ಪುಟ
ಜೆರಾಕ್ಸಿನಲ್ಲಿ ಕಪ್ಪಾಗಿದೆ.
ಅವಳೇ ಒಂದು ಬಳೆ ಕಳಚಿ ಇಟ್ಟಳು:
ಹಸಿರು ಗಾಜು, ಟೂ-ಫೋರ್ ಸೈಜು,
ಅಡ್ಡಕ್ಕೆ ಸರಿಯಾಗಿ ಎಂಟು ಮನೆ!
ಒಂಬತ್ತು ಬೀಜ ಒಳಗೆ. ಒಂಬತ್ತೂ ಬೂದಿ.
ಆಮೇಲೆ ಕಂಡಿತು, ಅಂಚಿನಡಿ ಬೈರೇಶನ ಗುಂಡಿ.

ಕಳ್ಳನ ಪಾತ್ರ ಅವನದು. ಉಳಿದ ಜೀವ ಮೂರು.
ಎಂಟು ತಿಂಗಳಿಂದ ಸಾಕಿದ ಕಳ್ಳ.
"ಅರ್ಧಕ್ಕಿಂತ ಕಮ್ಮಿ ಮುಟ್ಟಿದರೆ ಮುಟ್ಟಿಲ್ಲ ಅಂತಲೇ ಅಕ್ಕಾ."
"ಅರ್ಧ ಮನೆಗೆ ಬೆಂಕಿ ಬಿದ್ದರೆ
ಉಳಿದರ್ಧದಲ್ಲಿ ಮಲಗಿರ್ತೀಯಾ?"
ಗಂಗುಲಪ್ಪ ಸರ್ವೆಯವರ ಜೊತೆ ಚೈನು ಹಿಡಿಯುವವನು,
ಹಾಳೆಗೆ ಮೂಗು ತಾಗಿಸಿ ಕೇಳಿದ:
"ಬಳೆಯ ಒಳಗಂಚೋ ಹೊರಗಂಚೋ?
ಬದುವಿನ ಅಗಲ ಯಾರ ಲೆಕ್ಕಕ್ಕೆ?
ಇಷ್ಟಕ್ಕೇ ನಮ್ಮ ಕಡೆ ಅಣ್ಣತಮ್ಮಂದಿರು
ಹನ್ನೊಂದು ವರ್ಷದಿಂದ ಮಾತಾಡಿಲ್ಲ."

ಟೀ ಆರಿತು.
ನಿಜ ಹೇಳಬೇಕೆಂದರೆ ನನಗೂ ಆ ಕಳ್ಳ ಬೇಕಿದ್ದ:
ಮುಂದಿನ ಬಾಗಿಲ ಬೀಗ ಅವನಿಗೆಂದೇ ಬರೆದಿದ್ದೆ.
ನ್ಯಾಯದ ಚಾಪೆ ಎತ್ತಿದರೆ ಅಂಥದ್ದೇನೋ ಇರುತ್ತದೆ. ಎತ್ತಲಿಲ್ಲ.
ಬೈರೇಶನನ್ನು ಕೇಳಿದೆ,
ನಿನ್ನ ಮನೆಯಲ್ಲಿ ನೀನು ನಿಂತದ್ದು ಎಲ್ಲಿ?

ಅವನು ಗುಂಡಿ ಬಿಟ್ಟು ಕೋಟೆಯನ್ನು ನೋಡಿದ,
ಬಹಳ ಹೊತ್ತು.
"ಇಣುಕ್ತಾ ಇದ್ದೆ," ಅಂದ ಸಣ್ಣಗೆ,
"ಅವಳು ಮಂತ್ರ ಹೇಳೋದು ಕಾಣಲಿ ಅಂತ."

ಗಂಗುಲಪ್ಪ ಕೆಮ್ಮಿದ.
ಅರ್ಧ ಬೆಂಕಿ, ಅಂದೆ. ಒಳಗಂಚೇ ಅಂಚು.
ಇನ್ನು ಮೇಲೆ ನನ್ನ ರಾಕ್ಷಸರಿಗೂ ಇದೇ ಅಳತೆ.
ದಾಳವನ್ನು ಅವನ ಕೈಗೇ ಕೊಟ್ಟೆ. ಉರುಳಿತು.
ಜೀವ ಒಂದು ಉಳಿಯಿತು; ಹುಬ್ಬು ಉಳಿಯಲಿಲ್ಲ.

ಮುಂದಿನ ಭಾನುವಾರ ರಾಕ್ಷಸರು ವಿಷದ ಹೊಗೆ ಬಿಟ್ಟರು,
ಅಷ್ಟೇ ಅಗಲ. ಈ ಸಲ ತಬಸ್ಸುಮಳ ಗುಂಡಿ ಅಂಚಿಗೆ.
ಹೊಗೆಗೆ ಬೇರೆ ನಿಯಮ, ಅಂದಳು.
ಹೊಗೆ ಸಂದಿಯಲ್ಲೂ ನುಗ್ಗುತ್ತೆ, ಅಂದ ಗಂಗುಲಪ್ಪ.
ಬಳೆ ಕೊಡು, ಅಂದೆ.
ಹಸಿರಿನದು ಒಡೆದುಹೋಯ್ತಂತೆ.
ಪರ್ಸಿನಿಂದ ಇನ್ನೊಂದು ತೆಗೆದಳು, ತಂಗಿಯದು,
ಟೂ-ಟೂ.

ಸರ್ವೆಯವನು ಬಾಯಿ ತೆರೆದ.
"ಇರಲಿ, ಅದನ್ನೇ ಇಡಕ್ಕಾ," ಅಂದ ಹುಬ್ಬಿಲ್ಲದ ಕಳ್ಳ,
ಯಾರ ಮುಖವನ್ನೂ ನೋಡದೆ.