ಎರಡು ವಾರದ ನೋಟಿಸು

ಕನ್ನಡಿಯೆದುರು ಐದು ಸಲ ಹೇಳಿಕೊಂಡಿದ್ದೆ.
ಜೀಲಾಂಗಿನ ಬಸ್ಸಿನಲ್ಲಿ ಮತ್ತೊಮ್ಮೆ, ತುಟಿಯಲ್ಲೇ.
ಚೀಟಿಯನ್ನೂ ಬರೆದು ಜೇಬಿನಲ್ಲಿಟ್ಟಿದ್ದೆ.

ಸ್ಟಾವ್ರೂಲಾ ಮೀನಿಗೆ ಹಿಟ್ಟು ಬಳಿಯುತ್ತಿದ್ದಳು,
ಗಿರಾಕಿಯಿಲ್ಲದ ನಾಲ್ಕು ಗಂಟೆ.
"ಪರೀಕ್ಷೆ ಹತ್ತಿರ ಬಂತು..." ಎಂದೆ. ಉಳಿದ ಮಾತು
ಬಿಸಿಯೆಣ್ಣೆಗೆ ಬಿದ್ದು ಚುರ್ರೆಂದಿತು.

ಅವಳು ತಲೆಯೆತ್ತಲಿಲ್ಲ.
"ಯಾವತ್ತಿನ ತನಕ?"
"ಇಪ್ಪತ್ತೆರಡರ ಶನಿವಾರ.
ಹೊಸಬರಿಗೆ ಕಲಿಸಿಕೊಟ್ಟೇ ಹೋಗ್ತೀನಿ."

ಮೊದಲ ದಿನ ಬೆರಳು ಸುಟ್ಟುಕೊಂಡಾಗ
ನಲ್ಲಿಯ ಕೆಳಗೆ ನನ್ನ ಕೈ ಹಿಡಿದು
ಇಪ್ಪತ್ತು ನಿಮಿಷ ನಿಂತವಳು
ಹಿಟ್ಟಿನ ಹೆಬ್ಬೆರಳಲ್ಲೇ ಕ್ಯಾಲೆಂಡರಿಗೆ
ಒಂದು ಬಿಳಿ ಗುರುತೊತ್ತಿದಳು.

"ಸರಿ. ಆಲೂಗಡ್ಡೆ ಯಾರು ಸುಲೀತಾರೆ?"
ಇವತ್ತಿಗೆ ನಾನೇ.

ಚೀಟಿ ಕೊಡಲು ಮರೆತಿದ್ದೆ.
ಮನೆಯಲ್ಲಿ ಬಿಡಿಸಿದರೆ
'ವಂದನೆಗಳೊಂದಿಗೆ' ಎಂಬಲ್ಲಿ ಜಿಡ್ಡು ಹರಡಿ
ಆಚೆಯ ದೀಪ ಕಾಣುತ್ತಿತ್ತು.