ನೆಗಡಿ ನನ್ನ ಮೇಲಿದೆ

ಬಾಲಾ ಊರಿನ ಹೈಸ್ಟ್ರೀಟಿನಲ್ಲಿ ನನ್ನದು ಔಷಧಿ ಅಂಗಡಿ.
ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರೂ
ಬಂದವರು ಯಾರೆಂದು ಗಂಟೆ ಹೇಳುತ್ತದೆ:
ಮೆಲ್ಲಗೆ ಕಿಣಿಗುಟ್ಟಿದರೆ ಊರವರು,
ಪಟ್ಟನೆ ಬಡಿದುಕೊಂಡರೆ ಕ್ಯಾರವಾನಿನವರು,
ಒದ್ದೆ ಚಪ್ಪಲಿ, ಹೆಗಲ ಮೇಲೆ ಬಿಸಿಲ ಬೊಬ್ಬೆ.

ಊರವರು ನೋವನ್ನು ವೆಲ್ಷಿನಲ್ಲಿ ಹೇಳುತ್ತಾರೆ,
ಚಿಲ್ಲರೆಯನ್ನು ಇಂಗ್ಲಿಷಿನಲ್ಲಿ ಎಣಿಸುತ್ತಾರೆ.
ನನಗಿದು ಹೊಸತಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ
ಲೆಕ್ಕ ಮರಾಠಿ, ಬೈಗುಳ ಕನ್ನಡ.
ಘಾಟಿಗೆ ಅವ್ವ ಸೀನಿದರೆ ಮಾತ್ರ
ಅದು ಯಾವ ರಾಜ್ಯದ್ದೂ ಅಲ್ಲ.

ಮಂಗಳವಾರ ಮಂಗಳವಾರ ಬರುತ್ತಾಳೆ ತಿಡ್‌ವಿಲ್ ಅಜ್ಜಿ.
"ನೆಗಡಿ ನನ್ನ ಮೇಲಿದೆ" ಅನ್ನುತ್ತಾಳೆ.
ಅವಳ ತಾಯಿ ದಕ್ಷಿಣದ ಕಡೆಯವಳು; ಅಲ್ಲಿ ಹಾಗೇ ಅಂತೆ,
ಶೀತ ಬಂದು ಮೈಮೇಲೆ ಕೂರುವುದು.
"ನಮ್ಮಲ್ಲಿ ಯಲ್ಲಮ್ಮ ಬರುತ್ತಾಳೆ ಮೈಮೇಲೆ" ಅಂದೆ.
"ಇಳಿಯೋಕೆ ಎಷ್ಟು ದಿನ?"
"ಯಲ್ಲಮ್ಮನ ವಿಷಯ ಗೊತ್ತಿಲ್ಲ.
ನೆಗಡಿಗೆ ಏಳು ದಿನ. ಗುಳಿಗೆ ನುಂಗಿದರೆ ಒಂದು ವಾರ."

ಕೆರೆಗೆ ಇವರು ಅನ್ನುವುದು ಲ್ಲಿನ್.
ಬರೆದಷ್ಟು ಸುಲಭವಲ್ಲ ಅದು.
ಲಕಾರಕ್ಕೆ ನಾಲಿಗೆ ಹೂಡಿ, ದನಿ ಕೊಡದೆ
ಬದಿಯಿಂದ ಬರೀ ಉಸಿರು ಬಿಡಬೇಕು, ಸಿಟ್ಟಾದ ಬೆಕ್ಕಿನಂತೆ.
ಒಂಬತ್ತು ವರ್ಷದಿಂದ ಬಿಡುತ್ತಿದ್ದೇನೆ.
ಹಳಗನ್ನಡದಿಂದ ಕಳೆದುಹೋದ ೞ
ಇಲ್ಲೆಲ್ಲೋ ಬಂದು ಸಂಸಾರ ಹೂಡಿತೇ
ಎಂದು ಒಮ್ಮೊಮ್ಮೆ ಅನುಮಾನ.

ಕೆರೆ ಅಂದೆನೇ? ತಪ್ಪು.
ಕೆರೆ ಅಂದರೆ ಯಾರೋ ಕಟ್ಟಿಸಿದ್ದು,
ಏರಿ, ತೂಬು, ಕಲ್ಲು ಹೊತ್ತವರ ಬೆನ್ನು.
ಇದನ್ನು ಹಿಮ ಕೊರೆಯಿತು, ಹೇಳದೆ ಹೋಯಿತು;
ಹೋಗುವಾಗ ಮರೆತ ಒಂದು ಜಾತಿಯ ಬಿಳಿಮೀನು
ಆಳದ ತಣ್ಣೀರಲ್ಲಿ ಇನ್ನೂ ಕಾಯುತ್ತಿದೆ.
ಡೀ ಹೊಳೆ ಈ ತುದಿಯಲ್ಲಿ ಹೊಕ್ಕು ಆ ತುದಿಯಲ್ಲಿ ಹೊರಡುತ್ತದೆ,
ನಡುವೆ ಒಂದು ಹನಿಯೂ ಬೆರೆಯುವುದಿಲ್ಲ ಎಂದು ಊರ ಮಾತು.
ನಾನು ನಂಬಿಲ್ಲ. ನೀರಿಗೆ ಅಷ್ಟು ಹಟ ಎಲ್ಲಿಂದ ಬರಬೇಕು.

ನಿಜವಾದ ಕೆರೆ ಮೇಲಿನ ಕಣಿವೆಯಲ್ಲಿದೆ. ಕಟ್ಟಿದ್ದು.
ತಳದಲ್ಲಿ ಒಂದು ಹಳ್ಳಿ, ನೀರು ಲಿವರ್‌ಪೂಲಿಗೆ.
ತಿಡ್‌ವಿಲ್ ಮಗ್ಗಿ ಕಲಿತ ಶಾಲೆ ಅದರಡಿಗಿದೆ.
ಆ ಮಾತು ಬಂದರೆ ಸಾಕು,
ಅವಳು ಇಂಗ್ಲಿಷಿಗೆ ಹೊರಳುತ್ತಾಳೆ,
ಚಿಲ್ಲರೆ ಎಣಿಸುವ ಭಾಷೆಗೆ.

ಇಡ್ವಾಲ್ ಮಾತ್ರ ಕುರಿಯನ್ನೂ ವೆಲ್ಷಿನಲ್ಲೇ ಎಣಿಸುವವನು.
ಹದಿನೆಂಟಕ್ಕೆ ಅವನ ಬಾಯಲ್ಲಿ "ಎರಡು ಒಂಬತ್ತು."
ಕತ್ತರಿ ಹಿಡಿದವನ ಕೂಲಿಗಿಂತ ಉಣ್ಣೆ ಅಗ್ಗವಾಗಿ
ಹೋದ ವರ್ಷ ಕೊಟ್ಟಿಗೆ ಹಿಂದೆ ಸುಟ್ಟ. ಆ ಕಮಟು
ಮೂರು ದಿನ ಹೈಸ್ಟ್ರೀಟಿನಲ್ಲಿತ್ತು.
ಇದೇ ಊರಲ್ಲಿ ಒಂದು ಕಾಲಕ್ಕೆ ಗಂಡಸರೂ
ದಿಬ್ಬದ ಮೇಲೆ ಕೂತು ಕಾಲುಚೀಲ ಹೆಣೆಯುತ್ತಿದ್ದರಂತೆ.
ಈಗ ಕೊಟ್ಟಿಗೆ ವಾರದ ಬಾಡಿಗೆಗೆ; ಹಾಯಿಹಲಗೆಯವರು ಇಳಿಯುತ್ತಾರೆ,
ಅವರ ಸೊಂಟನೋವಿನ ಮುಲಾಮು ನನ್ನ ಜುಲೈ, ನನ್ನ ಆಗಸ್ಟ್.

ಇಪ್ಪತ್ತರ ಹರೆಯದಲ್ಲಿ ಅವನು ರಾತ್ರೋರಾತ್ರಿ
ರಸ್ತೆ ಫಲಕದ ಇಂಗ್ಲಿಷಿಗೆ ಹಸಿರು ಬಳಿದಿದ್ದನಂತೆ.
"ನಮ್ಮ ಕಡೆ ಡಾಂಬರು" ಅಂದೆ.
"ಡಾಂಬರು ಹೋಗುತ್ತದಾ?"
"ಸೀಮೆಎಣ್ಣೆ ಹಾಕಿ ತಿಕ್ಕಿದರೆ. ಅಕ್ಷರವೂ ಹೋಗುತ್ತದೆ."
ಅವನು ಕೆಮ್ಮಿನ ಔಷಧಿ ಬಾಟಲಿಯನ್ನು ಬೆಳಕಿಗೆ ಹಿಡಿದು
ಸುಮ್ಮನೆ ನೋಡಿದ.

ನಿನ್ನೆ ನನ್ನ ಮೂಗು ಸೋರತೊಡಗಿತು.
ಸೀನಿದೆ, ಅವ್ವನ ಹಾಗೇ, ಅಂಗಡಿ ಅದುರುವಂತೆ.
ತಿಡ್‌ವಿಲ್ ಮುಖ ಅರಳಿಸಿ, "ಈಗ ಯಾರ ಮೇಲಿದೆ?" ಅಂದಳು.
ತನ್ನ ಡಬ್ಬಿಯನ್ನೇ ಈಚೆ ತಳ್ಳಿದಳು.
ನಾನೇ ಅಂಟಿಸಿದ್ದ ಚೀಟಿ.
ದಿನಕ್ಕೆ ಮೂರು ಬಾರಿ ಎಂದು
ಎರಡು ಬಾರಿ ಬರೆದಿತ್ತು.